ಬೇಗ ತಲುಪಿದರೆ ಡೀಸೆಲ್ ಉಳಿಯುತ್ತದೆಯೇ? ಬೋಟಿನ ದೂರಯಾನ: ತಪ್ಪು ಕಲ್ಪನೆ ಮತ್ತು ಸತ್ಯ

ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿರುವ ನುಗ್ಗೇಹಳ್ಳಿಯಿಂದ ಕಡಲಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಶಿರಾಡಿ ಘಾಟಿ ಬೇರೆ. ಆದರೂ ಹಾಸನ ಸೀಮೆಯ ಮೀನಂಗಡಿಗೆ ಬರುವ ಬಂಗುಡೆ, ಅಂಜಲ್ ಮೀನಿನ ಬೆಲೆಗೂ ಮಲ್ಪೆ, ಮಂಗಳೂರಿನ ಬೋಟುಗಳು ಸುಡುವ ಡೀಸೆಲ್ಲಿಗೂ ನೇರ ಸಂಬಂಧವಿದೆ. ಆಳ ಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ವಾರಕ್ಕೂ ಹೆಚ್ಚು ಕಾಲ ನೀರಿನಲ್ಲೇ ಇರುತ್ತದೆ. ಆ ಯಾನದ ಖರ್ಚಿನಲ್ಲಿ ಡೀಸೆಲ್ಲಿನದೇ ದೊಡ್ಡ ಪಾಲು. ಮೀನು ಸಿಗುವುದು ಬಿಡುವುದು ಯಾರ ಕೈಯಲ್ಲೂ ಇಲ್ಲ. ಡೀಸೆಲ್ ಉಳಿಸುವುದು ಮಾತ್ರ ಬೋಟು ನಡೆಸುವ ತಾಂಡೇಲರ ಕೈಯಲ್ಲೇ ಇದೆ. ಅದಕ್ಕೆ ಅಡ್ಡ ಬರುವುದು ರಸ್ತೆಯ ಲೆಕ್ಕವನ್ನು ನೀರಿಗೂ ಹಾಕುವ ಕೆಲವು ನಂಬಿಕೆಗಳು.

ತಪ್ಪು ಕಲ್ಪನೆ 1: ಜೋರಾಗಿ ಓಡಿಸಿದರೆ ಬೇಗ ತಲುಪುತ್ತೇವೆ, ಇಂಜಿನ್ ಓಡುವ ಗಂಟೆ ಕಡಿಮೆಯಾಗಿ ಡೀಸೆಲ್ ಉಳಿಯುತ್ತದೆ.

ಸತ್ಯ: ಗಂಟೆ ಕಡಿಮೆಯಾಗುವುದು ನಿಜ. ಆದರೆ ಒಂದೊಂದು ಗಂಟೆಯ ಖರ್ಚು ಅದಕ್ಕಿಂತ ಎಷ್ಟೋ ವೇಗವಾಗಿ ಏರುತ್ತದೆ. ನೀರನ್ನು ಸೀಳಿಕೊಂಡು ಸಾಗುವ ಭಾರದ ಬೋಟಿಗೆ ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ ಪ್ರತಿ ಮೈಲಿನ ಡೀಸೆಲ್ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ.

ಒಂದು ಲೆಕ್ಕ ನೋಡೋಣ. ಮಲ್ಪೆಯಿಂದ ಮಹಾರಾಷ್ಟ್ರದ ರತ್ನಾಗಿರಿಯ ಕಡಲಿಗೆ ಸುಮಾರು 230 ನಾಟಿಕಲ್ ಮೈಲು. ಒಂದು ಬೋಟು 8 ನಾಟ್ (ಗಂಟೆಗೆ 8 ನಾಟಿಕಲ್ ಮೈಲು) ವೇಗದಲ್ಲಿ ಗಂಟೆಗೆ 30 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ದೂರಕ್ಕೆ ಹತ್ತಿರಹತ್ತಿರ 29 ಗಂಟೆ, 860 ಲೀಟರ್ ಬೇಕು. ಅದೇ ಬೋಟನ್ನು 7 ನಾಟ್‌ಗೆ ಇಳಿಸಿದರೆ ಗಂಟೆಗೆ ಸುಮಾರು 20 ಲೀಟರ್ ಸಾಕು. 33 ಗಂಟೆಯಲ್ಲಿ 660 ಲೀಟರಿನಲ್ಲಿ ಯಾನ ಮುಗಿಯುತ್ತದೆ. ನಾಲ್ಕು ಗಂಟೆ ತಡವಾಗಿದ್ದಕ್ಕೆ 200 ಲೀಟರ್ ಉಳಿಯಿತು. ಹೋಗುವಾಗಲೂ ಬರುವಾಗಲೂ ಹೀಗೇ ನಡೆಸಿದರೆ 400 ಲೀಟರ್. ಹಿಡಿದ ಮೀನು ಕೆಡುವ ಭಯವಿದ್ದಾಗ, ಹವಾಮಾನದ ಎಚ್ಚರಿಕೆ ಬಂದಾಗ ಬೇಗ ದಡ ಸೇರಲೇಬೇಕು. ಆದರೆ ಖಾಲಿ ಬೋಟಿನಲ್ಲಿ ಮೀನಿನ ಜಾಗಕ್ಕೆ ಹೋಗುವಾಗ ಆ ಅವಸರ ಇರುವುದು ಅಪರೂಪ.

ತಪ್ಪು ಕಲ್ಪನೆ 2: ಇಂಜಿನ್ ದೊಡ್ಡದಾದಷ್ಟೂ ವೇಗ ಹೆಚ್ಚು, ಶ್ರಮ ಕಡಿಮೆ, ಖರ್ಚೂ ಕಡಿಮೆ.

ಸತ್ಯ: ಭಾರದ ಬೋಟಿನ ವೇಗಕ್ಕೆ ಮಿತಿ ಹಾಕುವುದು ಅದರ ಉದ್ದ. ಸಾಗುವ ಬೋಟು ತನ್ನ ಅಲೆಯನ್ನು ತಾನೇ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಕೊನೆಗೆ ಬೋಟಿನಷ್ಟೇ ಉದ್ದವಾಗುತ್ತದೆ. ಅಲ್ಲಿಂದ ಮುಂದೆ ಮೂತಿ ಮೇಲೆ, ಹಿಂಭಾಗ ಕೆಳಗೆ. ಲೋಡು ತುಂಬಿದ ಲಾರಿ ಶಿರಾಡಿ ಹತ್ತುವಂತೆ ಬೋಟು ತನ್ನದೇ ಅಲೆಯನ್ನು ಹತ್ತುತ್ತಿರುತ್ತದೆ, ಮತ್ತು ಈ ಏರು ಎಂದೂ ಮುಗಿಯುವುದಿಲ್ಲ. ನೀರಿನ ಮಟ್ಟದಲ್ಲಿ 16 ಮೀಟರ್ ಉದ್ದವಿರುವ ಬೋಟಿಗೆ ಈ ಮಿತಿ ಹತ್ತಿರಹತ್ತಿರ 9.7 ನಾಟ್. ಅದರ ಮುಕ್ಕಾಲು ಭಾಗ, ಅಂದರೆ 7ರಿಂದ 7.5 ನಾಟ್ ಆಸುಪಾಸಿನಲ್ಲಿ ಮಿತವ್ಯಯ ಸಿಗುತ್ತದೆ. ಮಿತಿಯ ಹತ್ತಿರ ಹೋದಾಗ ನೂರು ಅಶ್ವಶಕ್ತಿ ಹೆಚ್ಚಿಗೆ ಸೇರಿಸಿದರೂ ಸಿಗುವ ವೇಗ ಅತ್ಯಲ್ಪ.

ಡೀಸೆಲ್ ಇಂಜಿನ್ ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು 0.2 ಲೀಟರ್ ಸುಡುತ್ತದೆ. 300 ಅಶ್ವಶಕ್ತಿಯ ಇಂಜಿನ್ನನ್ನು ಪೂರ್ತಿ ಬಳಸಿದರೆ ಗಂಟೆಗೆ 60 ಲೀಟರ್ ಹೋಯಿತು. ಟ್ರಾಲ್ ಬಲೆ ಎಳೆಯಲು ಬಲ ಬೇಕು ಎಂಬುದು ಸರಿಯಾದ ಮಾತು. ಆ ಬಲವನ್ನು ಬಲೆಗೆ ಮೀಸಲಿಡಬೇಕು, ಬರಿದೇ ಸಾಗುವಾಗ ಸುರಿಯಬಾರದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 2016ರಲ್ಲಿ ‘ಸಾಗರ್ ಹರಿತಾ’ ಎಂಬ 19.75 ಮೀಟರ್ ಉದ್ದದ ಬೋಟನ್ನು ನೀರಿಗಿಳಿಸಿತು. ಅದರ ವಿನ್ಯಾಸದ ದಾರಿಯೂ ಇದೇ: ನೀರು ಸುಲಭವಾಗಿ ಜಾರುವಂಥ ಒಡಲು, ಅದೇ ಗಾತ್ರದ ಬೇರೆ ಬೋಟುಗಳಿಗಿಂತ ಕಡಿಮೆ ಶಕ್ತಿಯ ಇಂಜಿನ್.

ತಪ್ಪು ಕಲ್ಪನೆ 3: ಕಪ್ಪು ಹೊಗೆ ಬಂದರೆ ಇಂಜಿನ್ ಪೂರ್ತಿ ದುಡಿಯುತ್ತಿದೆ ಎಂದರ್ಥ.

ಸತ್ಯ: ಕಪ್ಪು ಹೊಗೆಯೆಂದರೆ ಪೂರ್ತಿ ಸುಡದೆ ಹೊರಬಿದ್ದ ಡೀಸೆಲ್. ಗಾಳಿಯ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು, ಇಂಜಿನ್ ಕೋಣೆಗೆ ಸಾಕಷ್ಟು ಗಾಳಿ ಬಾರದಿರಬಹುದು, ಇಲ್ಲವೇ ಇಂಜಿನ್ ತಡೆಯುವುದಕ್ಕಿಂತ ಭಾರದ ಫ್ಯಾನ್ (ಪ್ರೊಪೆಲ್ಲರ್) ಹಾಕಿರಬಹುದು. ಯಾವುದೇ ಆದರೂ ದುಡ್ಡು ಕೊಟ್ಟು ತುಂಬಿಸಿದ್ದು ಕೊಳವೆಯಿಂದ ಹೊರಗೆ ಹೋಗುತ್ತಿದೆ. ಹೊಗೆ ಕಂಡ ಕೂಡಲೇ ರೇಸ್ ಇಳಿಸಿ. ದಡಕ್ಕೆ ಬಂದ ಮೇಲೆ ಕಾರಣ ಹುಡುಕಿಸಿ.

ತಪ್ಪು ಕಲ್ಪನೆ 4: ಫ್ಯಾನ್ ಯಾವುದಾದರೇನು, ಜೋರಾಗಿ ತಿರುಗಿದರೆ ಸರಿ.

ಸತ್ಯ: ದೊಡ್ಡ ವ್ಯಾಸದ ಫ್ಯಾನ್ ನಿಧಾನವಾಗಿ ತಿರುಗಿದರೆ ಅದೇ ಡೀಸೆಲ್ಲಿನಲ್ಲಿ ಹೆಚ್ಚು ನೂಕುಬಲ ಸಿಗುತ್ತದೆ. ಚಿಕ್ಕ ಫ್ಯಾನ್ ವೇಗವಾಗಿ ತಿರುಗಿದರೆ ಹೆಚ್ಚು ಶಕ್ತಿ ನೀರನ್ನು ಕಲಕುವುದಕ್ಕೇ ಹೋಗುತ್ತದೆ. ಆದ್ದರಿಂದ ಇಂಜಿನ್, ಗೇರ್‌ಬಾಕ್ಸ್, ಫ್ಯಾನ್ ಮೂರನ್ನೂ ಒಟ್ಟಿಗೇ ಲೆಕ್ಕ ಹಾಕಿ ಆರಿಸಬೇಕು. ಹಳೆಯ ಫ್ಯಾನಿಗೆ ಹೊಸ ಇಂಜಿನ್ ಕೂರಿಸಿ ಬಿಟ್ಟರೆ ನಷ್ಟ ಪ್ರತಿ ಯಾನದಲ್ಲೂ ಬೆನ್ನು ಹತ್ತುತ್ತದೆ. ಅಂಚು ಮುಕ್ಕಾದ, ಬಾಗಿದ ರೆಕ್ಕೆಗಳೂ ಅಷ್ಟೇ.

ತಪ್ಪು ಕಲ್ಪನೆ 5: ತಳದಲ್ಲಿ ಸ್ವಲ್ಪ ಪಾಚಿ ಹಿಡಿದರೆ ಏನೂ ಆಗುವುದಿಲ್ಲ.

ಸತ್ಯ: ನಮ್ಮ ಬೆಚ್ಚನೆಯ ಕಡಲಿನಲ್ಲಿ ಪಾಚಿ, ಚಿಪ್ಪಿನ ಜೀವಿಗಳು ಬಲು ಬೇಗ ಅಂಟಿಕೊಳ್ಳುತ್ತವೆ. ಅವುಗಳನ್ನು ತಡೆಯುವ ಬಣ್ಣ ಬಳಿಯದ ಬೋಟಿನಲ್ಲಿ ಒಂದೇ ತಿಂಗಳಿಗೆ ಇಂಧನ ಖರ್ಚು ಶೇ. 7ರಷ್ಟು, ಆರು ತಿಂಗಳಿಗೆ ಶೇ. 44ರಷ್ಟು ಏರಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಣ್ಣ ಮೀನುಗಾರಿಕಾ ಬೋಟುಗಳ ಕುರಿತ ತನ್ನ ಕೈಪಿಡಿಯಲ್ಲಿ ಹೇಳಿದೆ. ಬಣ್ಣದ ಡಬ್ಬಿಯ ಬೆಲೆ ಇದರ ಮುಂದೆ ಏನೂ ಅಲ್ಲ.

ತಪ್ಪು ಕಲ್ಪನೆ 6: ಅರ್ಧ ಟ್ಯಾಂಕ್ ಹೋಗಲು, ಅರ್ಧ ಟ್ಯಾಂಕ್ ಬರಲು.

ಸತ್ಯ: ನೀರು ನಿಂತಿರುವುದಿಲ್ಲ. ನೈಋತ್ಯ ಮುಂಗಾರಿನ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. 7 ನಾಟ್‌ನಲ್ಲಿ ಸಾಗುವ ಬೋಟಿಗೆ 1 ನಾಟ್ ಪ್ರವಾಹ ಎದುರಾದರೆ 230 ಮೈಲಿಗೆ 38 ಗಂಟೆ ಬೇಕು. ಅದೇ ಪ್ರವಾಹ ಬೆನ್ನಿಗಿದ್ದರೆ 29 ಗಂಟೆ ಸಾಕು. ಗಂಟೆಗೆ 20 ಲೀಟರಿನಂತೆ ವ್ಯತ್ಯಾಸ ಸುಮಾರು 190 ಲೀಟರ್. ಎದುರುಗಾಳಿ, ಅಲೆ, ಮೀನು ತುಂಬಿದ ಬೋಟಿನ ತೂಕ ಇವು ಬೇರೆ. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ ಎಂಬುದು ಪ್ರಪಂಚದ ನಾವಿಕರು ನೆಚ್ಚಿಕೊಂಡ ನಿಯಮ. ಬಲೆ ಎಳೆಯಲು ಬೇಕಾಗುವ ಡೀಸೆಲ್ಲನ್ನು ಇದರ ಹೊರಗೆ, ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಇದು ಹಣದ ಮಾತಲ್ಲ, ಬೋಟಿನಲ್ಲಿರುವವರ ಜೀವದ ಮಾತು.

ತಪ್ಪು ಕಲ್ಪನೆ 7: ಯಾವ ದೋಣಿಯಾದರೂ ನಿಧಾನಿಸಿದಷ್ಟೂ ಉಳಿತಾಯ.

ಸತ್ಯ: ಭಾರದ ಬೋಟುಗಳಿಗೆ ಈ ಮಾತು ಒಪ್ಪುತ್ತದೆ. ಔಟ್‌ಬೋರ್ಡ್ ಇಂಜಿನ್ ಕಟ್ಟಿದ ಹಗುರ ದೋಣಿ ವೇಗ ಹೆಚ್ಚಿದಾಗ ನೀರಿನ ಮೇಲೆದ್ದು ಜಾರತೊಡಗುತ್ತದೆ. ಅದೂ ಪೂರ್ತಿ ನಿಧಾನವಾಗಿ ಹೋದರೆ ಎಲ್ಲಕ್ಕಿಂತ ಮಿತ. ಆದರೆ ಮೂತಿ ಎತ್ತಿಕೊಂಡು, ಹಿಂಭಾಗ ಕುಸಿದು, ಜಾರಲೂ ಆಗದೆ ಒದ್ದಾಡುವ ನಡುವಿನ ವೇಗದಲ್ಲಿ ನಷ್ಟ ಅತಿ ಹೆಚ್ಚು. ಅಂಥಲ್ಲಿ ಸಾಮಾನನ್ನು ಸ್ವಲ್ಪ ಮುಂದಕ್ಕೆ ಸರಿಸಿ ದೋಣಿಯನ್ನು ಮಟ್ಟಮಾಡಿ. ಒಂದೋ ಕೆಳಗಿನ ವೇಗಕ್ಕೆ ಇಳಿಯಬೇಕು, ಇಲ್ಲವೇ ಜಾರುವ ವೇಗಕ್ಕೆ ಏರಬೇಕು.

ತಪ್ಪು ಕಲ್ಪನೆ 8: ತೆರಿಗೆ ವಿನಾಯಿತಿಯ ಡೀಸೆಲ್ ಸಿಗುವಾಗ ಇಷ್ಟೆಲ್ಲ ಲೆಕ್ಕ ಯಾಕೆ?

ಸತ್ಯ: ವಿನಾಯಿತಿ ಇರುವುದು ರಾಜ್ಯದ ತೆರಿಗೆಗೆ, ಅದೂ ನಿಗದಿತ ಮಿತಿಯೊಳಗೆ. ಉಳಿದ ಬೆಲೆಯನ್ನು ಮಾಲೀಕರೇ ಕೊಡಬೇಕು. ಯಾನದ ಖರ್ಚು ಕಳೆದ ಮೇಲೆ ಉಳಿಯುವುದರಲ್ಲಿ ಪಾಲು ಪಡೆಯುವ ಬೋಟಿನವರಿಗೂ ಅದರ ಪೆಟ್ಟು ಬೀಳುತ್ತದೆ. ಸುಟ್ಟ ಒಂದೊಂದು ಲೀಟರ್ ಡೀಸೆಲ್ಲಿನಿಂದ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದರಿಂದ ಹೆಚ್ಚುವ ಬಿಸಿಯನ್ನು ಹೀರಿಕೊಳ್ಳುವುದೂ ಇದೇ ಕಡಲು.

ಬೋಟು ಮಾಲೀಕರಲ್ಲಿ, ತಾಂಡೇಲರಲ್ಲಿ ಒಂದು ವಿನಂತಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆ 61 ದಿನಗಳಲ್ಲಿ ತಳ ಕೆರೆಸಿ ಬಣ್ಣ ಬಳಿಸಿ, ಫ್ಯಾನ್ ಪರೀಕ್ಷಿಸಿ, ಇಂಜೆಕ್ಟರ್ ಸರಿಪಡಿಸಿ. ಮತ್ತೆ ಕಡಲಿಗೆ ಇಳಿದ ಮೇಲೆ ಗಾಳಿಯಿಲ್ಲದ ಒಂದು ದಿನ ಬೇರೆಬೇರೆ ಆರ್‌ಪಿಎಂನಲ್ಲಿ ಹೋಗುತ್ತ ಬರುತ್ತ ಎರಡೂ ದಿಕ್ಕಿನಲ್ಲಿ ಓಡಿಸಿ, ಜಿಪಿಎಸ್ ತೋರಿಸುವ ವೇಗವನ್ನೂ ಗಂಟೆಗೆ ತಗಲುವ ಡೀಸೆಲ್ಲನ್ನೂ ಬರೆದಿಡಿ. ಎರಡೂ ದಿಕ್ಕಿನ ವೇಗದ ಸರಾಸರಿ ತೆಗೆದುಕೊಂಡು ಲೀಟರನ್ನು ಅದರಿಂದ ಭಾಗಿಸಿದರೆ ಒಂದು ಮೈಲಿನ ಖರ್ಚು ಸಿಗುತ್ತದೆ. ಆ ಪಟ್ಟಿಯನ್ನು ಸ್ಟೇರಿಂಗಿನ ಎದುರಿಗೇ ಅಂಟಿಸಿ, ಮುಂದಿನ ದೂರಯಾನದಲ್ಲಿ ಒಂದು ನಾಟ್ ಇಳಿಸಿ ನೋಡಿ. ಹೊಸ ಇಂಜಿನ್ ಬೇಡ, ಸಾಲ ಬೇಡ. ಇಷ್ಟು ಖರ್ಚಿಲ್ಲದ ಉಳಿತಾಯ ಬೋಟಿನಲ್ಲಿ ಬೇರೊಂದಿಲ್ಲ.