ಪರೀಕ್ಷೆಗೆ ಹಣ ಕಟ್ಟುವ ಮೊದಲು ಸೀಟು ಎಲ್ಲಿ ಬೇಕೆಂದು ನೋಡಿ

2024ರ ಫೆಬ್ರವರಿ ಕೊನೆಯ ವಾರ. ಬೆಳಗ್ಗಿನ ಮದ್ರಸ ಬಿಟ್ಟು ಮಕ್ಕಳು ಶಾಲೆಗೆ ಓಡಿದ್ದರು. ನಾವು ಹಾಜರಿ ಪುಸ್ತಕ ಮುಚ್ಚುತ್ತಿದ್ದಾಗ ನಮ್ಮ ಮಹಲ್ಲಾದ ಒಬ್ಬರು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಬಂದರು. ದಮ್ಮಾಮ್‌ನಲ್ಲಿ ಹದಿನೆಂಟು ವರ್ಷ ದುಡಿದು ಊರಿಗೆ ಮರಳಿದವರು. ಅವರ ಮಗಳು ಹತ್ತನೇ ತರಗತಿವರೆಗೆ ನಮ್ಮ ಮದ್ರಸದಲ್ಲೇ ಕಲಿತವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು.

“ಉಸ್ತಾದ್, ಇದನ್ನೊಮ್ಮೆ ನೋಡಿ. ಕೋಚಿಂಗಿಗೆ ನಲವತ್ತು ಸಾವಿರ ಕೊಟ್ಟಾಯಿತು. ಈಗ ಮಗಳು ಹೇಳ್ತಾಳೆ, ಅವಳಿಗೆ ಬೇಕಾದ ಕೋರ್ಸಿಗೆ ಈ ಪರೀಕ್ಷೆಯೇ ಬೇಡವಂತೆ. ಇನ್ನು ಎಂತ ಮಾಡುವುದು?”

ನಾವು ಕಲಿತದ್ದು ಕಿತಾಬು, ಅದರ ಜೊತೆಗೆ ಪಿಯುಸಿ. ಇಂಥ ಪರೀಕ್ಷೆಗಳ ವಿಷಯ ನಮಗೇನು ಗೊತ್ತು? ಆದರೂ ಕೇಳಲು ಬಂದವರನ್ನು ಹಾಗೇ ಕಳುಹಿಸಲು ಮನಸ್ಸಾಗಲಿಲ್ಲ. ಆ ಸಂಜೆ ಅವರ ಮನೆಗೆ ಹೋಗಿ, ಮಗಳನ್ನೂ ಕೂರಿಸಿಕೊಂಡು, ಒಂದೊಂದೇ ಕಾಗದ ಓದಿದೆವು. ಆಕೆಗೆ ಬೇಕಾಗಿದ್ದದ್ದು ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ. ಕೋಚಿಂಗಿನವರು ಕಲಿಸುತ್ತಿದ್ದದ್ದು ಜಿಆರ್‌ಇ, ಅಮೆರಿಕದ ವಿಶ್ವವಿದ್ಯಾನಿಲಯಗಳಿಗೆ ಹೋಗುವವರು ಬರೆಯುವ ಪರೀಕ್ಷೆ. ಅಮೆರಿಕಕ್ಕೆ ಹೋಗುವಷ್ಟು ಹಣ ಆ ಮನೆಯಲ್ಲಿ ಇರಲಿಲ್ಲ, ಅಷ್ಟು ದೂರ ಕಳುಹಿಸುವ ಮನಸ್ಸು ಉಮ್ಮನಿಗೂ ಇರಲಿಲ್ಲ. “ಯಾವ ಕಾಲೇಜಿಗೆ ಹೋಗುತ್ತೀರಿ” ಎಂದು ಅವರನ್ನು ಯಾರೂ ಕೇಳಿರಲೇ ಇಲ್ಲ. ನಮ್ಮ ದೇಶದೊಳಗೆ ಆಕೆ ಬರೆಯಬೇಕಿದ್ದ ಪರೀಕ್ಷೆಗೆ ಅರ್ಜಿ ಹಾಕುವ ದಿನವೂ ಅಷ್ಟರಲ್ಲಿ ದಾಟಿ ಹೋಗಿತ್ತು.

ಹಣ ಹೋದದ್ದು ಒಂದು. ಅದಕ್ಕಿಂತ ಹೆಚ್ಚು, ಒಂದು ವರ್ಷ ಹೋಯಿತು. ನಮ್ಮ ಮನೆಗಳಲ್ಲಿ ಹೆಣ್ಣುಮಗಳ ಒಂದು ವರ್ಷ ಎಂದರೆ ಏನೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷದಲ್ಲಿ ಸಂಬಂಧಗಳು ಬರುತ್ತವೆ, “ಕಲಿತದ್ದು ಸಾಕು” ಎನ್ನುವವರು ಬರುತ್ತಾರೆ. ಅದಕ್ಕೇ ಈ ಲೇಖನ.

ಏನಿದು ಎಂಪಿಎಚ್?

ಡಾಕ್ಟರು ಎದುರಿಗೆ ಕುಳಿತ ಒಬ್ಬ ರೋಗಿಯನ್ನು ನೋಡುತ್ತಾರೆ. ಸಾರ್ವಜನಿಕ ಆರೋಗ್ಯ ಕಲಿತವರು ಇಡೀ ಊರನ್ನು ನೋಡುತ್ತಾರೆ. ಮಂಗಳೂರಿನಲ್ಲಿ ಮಲೇರಿಯಾ ಯಾಕೆ ವರ್ಷ ವರ್ಷ ಕಾಡಿತು, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರಿಗೂ ಅದಕ್ಕೂ ಏನು ಸಂಬಂಧ, 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಎಲ್ಲೆಲ್ಲಿ ಹರಡಿತು ಎಂಬ ಪ್ರಶ್ನೆಗಳನ್ನು ಕೇಳುವುದು ಅವರ ಕೆಲಸ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದಾಗ ಯಾರು ಯಾರನ್ನು ಮುಟ್ಟಿದರು, ಯಾರ ಹತ್ತಿರ ಕುಳಿತರು ಎಂದು ಪಟ್ಟಿ ಮಾಡಿ ರೋಗವನ್ನು ಕಟ್ಟಿಹಾಕಿದ್ದು ಇದೇ ವಿದ್ಯೆ.

ನಮ್ಮ ಮನೆಗಳಲ್ಲಿ ಈಗ ನರ್ಸಿಂಗ್, ಬಿಡಿಎಸ್, ಹೋಮಿಯೋಪತಿ, ಯುನಾನಿ, ಫಿಸಿಯೋಥೆರಪಿ ಕಲಿತ ಮಕ್ಕಳು ಸಾಕಷ್ಟು ಇದ್ದಾರೆ. ಅವರಲ್ಲಿ ಹಲವರಿಗೆ ಈ ಬಾಗಿಲು ತೆರೆದಿದೆ. ಕೆಲವು ಸಂಸ್ಥೆಗಳು ಸಮಾಜಶಾಸ್ತ್ರ, ಸಮಾಜಕಾರ್ಯ ಕಲಿತವರನ್ನೂ ತೆಗೆದುಕೊಳ್ಳುತ್ತವೆ. ಸಾಮಾನ್ಯವಾಗಿ ಎರಡು ವರ್ಷದ ಕೋರ್ಸು.

ನೀಟಿನ ಹಾಗೆ ಒಂದೇ ಪರೀಕ್ಷೆ ಇಲ್ಲ

ಎಂಬಿಬಿಎಸ್‌ಗೆ ನೀಟ್ ಬರೆದರೆ ದೇಶಕ್ಕೆಲ್ಲ ಆಯಿತು. ಎಂಪಿಎಚ್‌ಗೆ ಹಾಗಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ. ಒಂದೊಂದು ಸಂಸ್ಥೆಗೆ ಒಂದೊಂದು ದಾರಿ.

ನಮ್ಮ ದೇಶದಲ್ಲಿ ಈ ಕೋರ್ಸು ಮೊದಲು ಶುರುವಾದದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ, 1997ರಲ್ಲಿ. ಅಲ್ಲಿಗೆ ಅವರದೇ ಪ್ರವೇಶ ಪರೀಕ್ಷೆ, ಅವರದೇ ಸಂದರ್ಶನ. ಪುದುಚೇರಿಯ ಜಿಪ್ಮರ್‌ಗೂ ಅವರದೇ ಪರೀಕ್ಷೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮೊದಲು ತನ್ನದೇ ಪರೀಕ್ಷೆ ನಡೆಸುತ್ತಿತ್ತು. 2023ರಿಂದ ಸಿಯುಇಟಿ-ಪಿಜಿ ಅಂಕ ಕೇಳುತ್ತಿದೆ, ಆ ಮೇಲೆ ಸಂಸ್ಥೆಯ ಎರಡನೇ ಸುತ್ತು ಉಂಟು. ಮಣಿಪಾಲದಲ್ಲಿ, ಮೈಸೂರಿನ ಜೆಎಸ್‌ಎಸ್‌ನಲ್ಲಿ ಕೂಡಾ ಎಂಪಿಎಚ್ ಇದೆ. ಅವು ಡೀಮ್ಡ್ ವಿಶ್ವವಿದ್ಯಾನಿಲಯಗಳು. ಪ್ರವೇಶದ ಕ್ರಮವನ್ನು ಅವರಲ್ಲೇ ಕೇಳಬೇಕು, ಫೀಸನ್ನೂ ಮೊದಲೇ ಕೇಳಬೇಕು.

ನಮ್ಮವರಿಗೆ ತೀರಾ ಹತ್ತಿರದ್ದೊಂದು ಇದೆ, ಹಲವರಿಗೆ ಗೊತ್ತೇ ಇಲ್ಲ. ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ. 2009ರಲ್ಲಿ ಸ್ಥಾಪನೆಯಾದದ್ದು. ಮಂಗಳೂರಿನಿಂದ ಹೆದ್ದಾರಿಯಲ್ಲಿ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ರೈಲಿನಲ್ಲಾದರೆ ಕಾಞಂಗಾಡಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಅಲ್ಲಿ ಎಂಪಿಎಚ್ ಇದೆ. ಪ್ರವೇಶ ಸಿಯುಇಟಿ-ಪಿಜಿ ಮೂಲಕ. ಕೇಂದ್ರ ಸರಕಾರದ ವಿಶ್ವವಿದ್ಯಾನಿಲಯವಾದ್ದರಿಂದ ಫೀಸು ಖಾಸಗಿಯವರಷ್ಟು ಇಲ್ಲ. ಆ ಹುಡುಗಿ ಕೊನೆಗೆ ಬೆರಳಿಟ್ಟು ತೋರಿಸಿದ್ದು ಇದನ್ನೇ.

ಸಿಯುಇಟಿಯಲ್ಲಿ ಎಡವುವ ಮೂರು ಕಡೆ

ಸಿಯುಇಟಿ-ಪಿಜಿ ಎಂಬುದು ಎನ್‌ಟಿಎ 2022ರಿಂದ ನಡೆಸುತ್ತಿರುವ ಪರೀಕ್ಷೆ. ಕಂಪ್ಯೂಟರಿನಲ್ಲಿ ಬರೆಯುವುದು. 2025ರಲ್ಲಿ 75 ಪ್ರಶ್ನೆ, 90 ನಿಮಿಷ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಬಿಟ್ಟ ಪ್ರಶ್ನೆಗೆ ಏನೂ ಇಲ್ಲ. ಹಾಗಾಗಿ ಅಂದಾಜಿನಲ್ಲಿ ಗುಂಡು ಹೊಡೆಯಬಾರದು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಕನ್ನಡದಲ್ಲಿ ಇರುವುದಿಲ್ಲ.

ನಮ್ಮವರು ಎಡವುವುದು ಪ್ರಶ್ನೆಪತ್ರಿಕೆಯಲ್ಲಲ್ಲ, ಅರ್ಜಿಯಲ್ಲಿ.

ಒಂದು, ಪೇಪರ್ ಕೋಡ್. ಸಿಯುಇಟಿ-ಪಿಜಿ ಎಂದರೆ ಒಂದೇ ಪ್ರಶ್ನೆಪತ್ರಿಕೆ ಅಲ್ಲ, ವಿಷಯಕ್ಕೊಂದು ಪೇಪರ್, ಪೇಪರಿಗೊಂದು ಕೋಡ್. ಒಂದು ವಿಶ್ವವಿದ್ಯಾನಿಲಯ ಕೇಳುವ ಪೇಪರನ್ನೇ ಇನ್ನೊಂದು ಕೇಳಬೇಕೆಂದಿಲ್ಲ. ಹೆಚ್ಚೆಂದರೆ ನಾಲ್ಕು ಪೇಪರ್ ಆರಿಸಿಕೊಳ್ಳಬಹುದು. ಹಾಗಾಗಿ ಅರ್ಜಿ ತುಂಬುವ ಮೊದಲು ಬೇಕಾದ ಸಂಸ್ಥೆಯ ಆ ವರ್ಷದ ಪ್ರಾಸ್ಪೆಕ್ಟಸ್ ತೆಗೆದು, ಎಂಪಿಎಚ್ ಎದುರು ಬರೆದ ಕೋಡನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕಳೆದ ವರ್ಷ ಬರೆದವರ ಮಾತು ಕೇಳಿ ತುಂಬಬೇಡಿ.

ಎರಡು, ಎರಡನೇ ಅರ್ಜಿ. ಎನ್‌ಟಿಎಗೆ ಹಾಕುವುದು ಪರೀಕ್ಷೆ ಬರೆಯುವ ಅರ್ಜಿ ಮಾತ್ರ. ಫಲಿತಾಂಶ ಬಂದ ಮೇಲೆ ಸೀಟಿಗಾಗಿ ವಿಶ್ವವಿದ್ಯಾನಿಲಯದ ವೆಬ್‌ಸೈಟಿನಲ್ಲಿ ಪುನಃ ಹೆಸರು ನೋಂದಾಯಿಸಬೇಕು. ನಮಗೆ ಗೊತ್ತಿರುವ ಒಬ್ಬ ಹುಡುಗ ಒಳ್ಳೆಯ ಅಂಕ ತೆಗೆದು, “ಅವರೇ ಕರೆಯುತ್ತಾರೆ” ಎಂದು ಮನೆಯಲ್ಲಿ ಕುಳಿತ. ಯಾರೂ ಕರೆಯಲಿಲ್ಲ. ಕರೆಯುವ ಪದ್ಧತಿಯೇ ಅಲ್ಲಿ ಇಲ್ಲ.

ಮೂರು, ಪ್ರಮಾಣಪತ್ರ. ನಮ್ಮ ಮಕ್ಕಳ ಕೈಯಲ್ಲಿರುವುದು ರಾಜ್ಯದ 2ಬಿ ಪ್ರಮಾಣಪತ್ರ. ಕೇಂದ್ರದ ಸಂಸ್ಥೆಗಳು ಕೇಳುವುದು ಕೇಂದ್ರದ ನಮೂನೆಯಲ್ಲಿರುವ ಒಬಿಸಿ ನಾನ್-ಕ್ರೀಮಿ ಲೇಯರ್ ಪ್ರಮಾಣಪತ್ರ. ಎರಡೂ ಒಂದಲ್ಲ. ತಮಗೆ ಅದು ಸಿಗುತ್ತದೆಯೇ ಎಂದು ತಾಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಸಿಗುವುದಾದರೆ ಆಗಲೇ ಮಾಡಿಸಿಕೊಳ್ಳಿ. ಕೌನ್ಸೆಲಿಂಗ್ ದಿನ ತಹಶೀಲ್ದಾರರ ಕಚೇರಿಗೆ ಓಡಿದರೆ ಪ್ರಯೋಜನವಿಲ್ಲ.

ಹೊರದೇಶಕ್ಕೇ ಹೋಗುವುದಾದರೆ

ಅಮೆರಿಕಕ್ಕೆ ಹೋಗುವ ಶಕ್ತಿಯೂ ಮನಸ್ಸೂ ಇರುವ ಮನೆಗಳು ನಮ್ಮಲ್ಲಿ ಇವೆ. ಗಲ್ಫಿನಲ್ಲೇ ಓದಿ ಬೆಳೆದ ಮಕ್ಕಳೂ ಇದ್ದಾರೆ. ಅವರಿಗೂ ಸೂತ್ರ ಅದೇ: ಮೊದಲು ಕಾಲೇಜು, ಆಮೇಲೆ ಪರೀಕ್ಷೆ.

ಜಿಆರ್‌ಇಯಲ್ಲಿ ಆರೋಗ್ಯದ ಪ್ರಶ್ನೆ ಒಂದೂ ಇಲ್ಲ. ಇಂಗ್ಲಿಷ್ ಗ್ರಹಿಕೆ, ಗಣಿತ, ಒಂದು ಪ್ರಬಂಧ, ಅಷ್ಟೇ. ಇಂಗ್ಲಿಷ್ ಮತ್ತು ಗಣಿತಕ್ಕೆ ತಲಾ 130ರಿಂದ 170ರವರೆಗೆ ಅಂಕ. 2023ರ ಸೆಪ್ಟೆಂಬರಿನಿಂದ ಎರಡು ಗಂಟೆಯೊಳಗೆ ಮುಗಿಯುವಂತೆ ಚಿಕ್ಕದು ಮಾಡಿದ್ದಾರೆ. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಶುಲ್ಕ ಮಾತ್ರ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಕೋವಿಡ್ ಬಳಿಕ ಅಮೆರಿಕದ ಹಲವು ಸಾರ್ವಜನಿಕ ಆರೋಗ್ಯ ಕಾಲೇಜುಗಳು ಎಂಪಿಎಚ್‌ಗೆ ಜಿಆರ್‌ಇ ಬೇಕೆಂಬ ನಿಯಮ ತೆಗೆದುಹಾಕಿವೆ, ಕೆಲವು ಬರೆಯುವವರ ಇಷ್ಟಕ್ಕೆ ಬಿಟ್ಟಿವೆ.

ಇಷ್ಟಕ್ಕೆ ಬಿಟ್ಟರೆ ಬರೆಯಬೇಕೇ, ಬೇಡವೇ? ಎಂಪಿಎಚ್‌ನಲ್ಲಿ ಅಂಕಿಅಂಶಗಳ ಲೆಕ್ಕ ತುಂಬಾ ಇರುತ್ತದೆ. ಪದವಿಯಲ್ಲಿ ಅಂಕ ಸಾಧಾರಣ, ಆದರೆ ಗಣಿತದಲ್ಲಿ ಧೈರ್ಯ ಇದೆ ಎನ್ನುವವರಿಗೆ ಒಳ್ಳೆಯ ಜಿಆರ್‌ಇ ಅಂಕ ಒಂದು ಆಸರೆ. ಪದವಿಯ ಅಂಕ ಚೆನ್ನಾಗಿದ್ದು, ಆಸ್ಪತ್ರೆಯಲ್ಲೋ ಹಳ್ಳಿಯ ಶಿಬಿರದಲ್ಲೋ ಕೆಲಸ ಮಾಡಿದ ಅನುಭವವೂ ಇದ್ದರೆ, ಆ ಹಣ ಮತ್ತು ಸಮಯವನ್ನು ಅರ್ಜಿಯ ಜೊತೆ ಬರೆಯುವ ಪತ್ರಕ್ಕೆ ಕೊಡುವುದು ಮೇಲು.

ಎಂಕ್ಯಾಟ್ ಎಂಬ ಇನ್ನೊಂದು ಹೆಸರೂ ಕಿವಿಗೆ ಬೀಳುತ್ತದೆ. ಅದು ಅಮೆರಿಕದ ಮೆಡಿಕಲ್ ಕಾಲೇಜಿನ ಪರೀಕ್ಷೆ, ವಿರಾಮವೂ ಸೇರಿ ಸುಮಾರು ಏಳೂವರೆ ಗಂಟೆ. ಅದನ್ನು ಬರೆದಿದ್ದವರ ಅಂಕವನ್ನು ಜಿಆರ್‌ಇ ಬದಲಿಗೆ ಒಪ್ಪುವ ಕಾಲೇಜುಗಳಿವೆ. ಎಂಬಿಎಗಾಗಿ ಬರೆಯುವ ಜಿಮ್ಯಾಟ್ ವಿಷಯವೂ ಹೀಗೆಯೇ. ಈಗಾಗಲೇ ಬರೆದಿದ್ದರೆ ತೋರಿಸಬಹುದು, ಎಂಪಿಎಚ್‌ಗೋಸ್ಕರ ಹೊಸದಾಗಿ ಬರೆಯುವುದು ವ್ಯರ್ಥ.

ತಪ್ಪಿಸಿಕೊಳ್ಳಲಾಗದ್ದು ಇಂಗ್ಲಿಷ್ ಪರೀಕ್ಷೆ, ಅಂದರೆ ಐಇಎಲ್‌ಟಿಎಸ್ ಅಥವಾ ಟೋಫೆಲ್. ಅವುಗಳ ಅಂಕ ಎರಡೇ ವರ್ಷ ನಡೆಯುತ್ತದೆ, ಹಾಗಾಗಿ ತುಂಬಾ ಮೊದಲೇ ಬರೆದಿಡುವುದೂ ನಷ್ಟ. ಬ್ರಿಟನ್‌ನಲ್ಲಿ ಎಂಪಿಎಚ್ ಸಾಮಾನ್ಯವಾಗಿ ಒಂದೇ ವರ್ಷ, ಅಲ್ಲಿ ಜಿಆರ್‌ಇ ಕೇಳುವ ರೂಢಿಯೂ ಇಲ್ಲ. ಅಮೆರಿಕದಲ್ಲಿ ಬಹಳಷ್ಟು ಕಾಲೇಜುಗಳಿಗೆ ಸೋಫಾಸ್ ಎಂಬ ಒಂದೇ ಅರ್ಜಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಬಹುದು. ಆದರೆ ನಮ್ಮ ಅಂಕಪಟ್ಟಿಯನ್ನು ಡಬ್ಲ್ಯೂಇಎಸ್ ಎಂಬ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕಾಗುತ್ತದೆ. ವಿಶ್ವವಿದ್ಯಾನಿಲಯದಿಂದ ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿ ತರಿಸಲು ಎಷ್ಟು ದಿನ ಬೇಕೆಂದು ತಿರುಗಿದವರಿಗೇ ಗೊತ್ತು. ಪರೀಕ್ಷೆಯ ತಲೆಬಿಸಿಯಲ್ಲಿ ಇದನ್ನು ಮರೆಯಬೇಡಿ.

ಉಪವಾಸದ ತಿಂಗಳ ಪರೀಕ್ಷೆ

ಆ ಹುಡುಗಿಯ ಕಥೆಗೆ ಮರಳೋಣ. ಒಂದು ವರ್ಷ ಆಕೆ ಆಸ್ಪತ್ರೆಯ ಪಾಳಿ ಕೆಲಸ ಮಾಡುತ್ತಲೇ ಓದಿದಳು. ಮನೆಗೆ ಸಂಬಂಧದವರು ಬಂದಾಗಲೆಲ್ಲ ಬಾಪ ಒಂದೇ ಮಾತು ಹೇಳಿ ಕಳುಹಿಸುತ್ತಿದ್ದರು: “ಮಾರ್ಚ್ ಕಳೆಯಲಿ.” ಉಮ್ಮ ಮೊದಲು ಮುಖ ಊದಿಸಿಕೊಂಡಿದ್ದರು. ಪೆರಿಯ ಎಂದರೆ ಕಾಸರಗೋಡಿನ ಆಚೆ ಇಷ್ಟೇ ದೂರ, ವಾರಕ್ಕೊಮ್ಮೆ ಮನೆಗೆ ಬರಬಹುದು ಎಂದು ತಿಳಿದ ಮೇಲೆ ಸಮಾಧಾನವಾದರು. ದೂರದ ಅಮೆರಿಕಕ್ಕೆ ಬೇಡ ಎಂದವರು ಹತ್ತಿರದ ಸೀಟಿಗೆ ಹೂಂ ಎಂದರು. ಇದು ಒಂದು ವರ್ಷ ಮೊದಲೇ ಗೊತ್ತಿದ್ದರೆ ಎಷ್ಟು ಸುಲಭವಿತ್ತು!

2024ರಲ್ಲಿ, 2025ರಲ್ಲಿ ಸಿಯುಇಟಿ-ಪಿಜಿ ಹೆಚ್ಚುಕಮ್ಮಿ ನಡೆದದ್ದು ಮಾರ್ಚ್ ತಿಂಗಳಲ್ಲಿ, ಎರಡು ವರ್ಷವೂ ಬಹುಪಾಲು ರಮಝಾನಿನ ಒಳಗೆ. ದಿನಕ್ಕೆ ಮೂರು ಪಾಳಿ, ಯಾವ ಪಾಳಿ ಸಿಗುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಆಕೆಗೆ ಸಿಕ್ಕಿದ್ದು ಸಂಜೆಯದ್ದು. ಉಪವಾಸ ಹಿಡಿದೇ ಬರೆದಳು. ಬಾಪ ಹೊರಗೆ ರಸ್ತೆ ಬದಿಯಲ್ಲಿ ಖರ್ಜೂರದ ಪೊಟ್ಟಣ, ನೀರಿನ ಬಾಟಲಿ ಹಿಡಿದು ನಿಂತಿದ್ದರು. ಮನೆ ಮುಟ್ಟುವ ಮೊದಲೇ ಬಾಂಗ್ ಆಯಿತು, ಬಸ್ಸಿನಲ್ಲೇ ಇಫ್ತಾರ್ ಮಾಡಿದರಂತೆ. ಹಿಜ್ರಿ ವರ್ಷ ಪ್ರತಿ ಸಲ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಮುಂದೆ ಈ ಕಷ್ಟ ಇರಲಾರದು. ಆದರೂ ಉಪವಾಸದ ಸಮಯಕ್ಕೆ ಪರೀಕ್ಷೆ ಬರುವುದಿದ್ದರೆ ಶಅಬಾನಿನಲ್ಲೇ ಓದು ಮುಗಿಸಿಡಿ, ರಮಝಾನಿಗೆ ಪುನರಾವರ್ತನೆ ಮಾತ್ರ ಇರಲಿ ಎಂದು ನಾವು ಹೇಳುತ್ತೇವೆ.

ಆಕೆಗೆ ಸೀಟು ಸಿಕ್ಕಿತು. ಹಾಸ್ಟೆಲಿಗೆ ಹೋಗುವ ಮುನ್ನಾ ದಿನ ಮದ್ರಸಕ್ಕೆ ಬಂದು, “ಉಸ್ತಾದ್, ಆ ಜಿಆರ್‌ಇ ಪುಸ್ತಕಗಳು ಯಾರಿಗಾದರೂ ಬೇಕಾದರೆ ಕೊಡಿ” ಎಂದು ಒಂದು ಕಟ್ಟು ಇಟ್ಟು ಹೋದಳು. ದಪ್ಪದ ಮೂರು ಪುಸ್ತಕ. ನಮ್ಮ ಕಪಾಟಿನಲ್ಲಿವೆ. ಯಾರಿಗಾದರೂ ಬೇಕಾದರೆ ಬಂದು ಕೇಳಬಹುದು. ಆದರೆ ಮೊದಲು ನಾವು ಒಂದು ಪ್ರಶ್ನೆ ಕೇಳುತ್ತೇವೆ: ಯಾವ ಕಾಲೇಜಿಗೆ?