ಏರ್‌ಬ್ಯಾಗ್ ಸಿಡಿದ ಮೇಲೆ ಹೊಣೆ ಯಾರದು?

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನಾಲತವಾಡದಿಂದ ಮುದ್ದೇಬಿಹಾಳದ ಕಡೆಗೆ ನನ್ನ ಕಾಕಾ ಕಾರಿನಲ್ಲಿ ಹೊರಟಿದ್ದರು. ನಿವೃತ್ತ ಶಾಲಾ ಶಿಕ್ಷಕರಾದ ಅವರು ಗ್ರಾಚ್ಯುಟಿ ಹಣದಲ್ಲಿ ಕೊಂಡ ಕಾರು ಅದು. ಪಕ್ಕದಲ್ಲಿ ಚಿಗವ್ವ. ಪ್ರತಿ ತಿಂಗಳೂ ಅವರನ್ನು ವಿಜಯಪುರದ ಆಸ್ಪತ್ರೆಗೆ ತೋರಿಸಿಕೊಂಡು ಬರುವುದು ವಾಡಿಕೆ. ರಸ್ತೆಯ ಒಂದು ತಗ್ಗನ್ನು ದಾಟಲು ವೇಗ ತಗ್ಗಿಸಿದಾಗ ಬಂದೂಕು ಹಾರಿಸಿದಂಥ ಸದ್ದಾಯಿತು. ಟೈರ್ ಒಡೆಯಿತೆಂದು ಕಾಕಾ ಭಾವಿಸಿದರು. ತಿರುಗಿ ನೋಡಿದರೆ ಕಾರಿನೊಳಗೆಲ್ಲ ಬಿಳಿ ಪುಡಿ, ಸುಟ್ಟ ಮದ್ದಿನ ವಾಸನೆ. ಎಡಗಡೆಯ ಕಿಟಕಿಯುದ್ದಕ್ಕೂ ಪರದೆಯಂತೆ ಇಳಿಬಿದ್ದ ಏರ್‌ಬ್ಯಾಗ್, ಕಿವಿ ಮುಚ್ಚಿಕೊಂಡು ನಡುಗುತ್ತಿದ್ದ ಚಿಗವ್ವ. ಕಾರಿನ ಹೊರಮೈಯಲ್ಲಿ ಒಂದು ಗೀರು ಕೂಡ ಇರಲಿಲ್ಲ.

ಅಲ್ಲಿಂದ ಆರಂಭವಾದ ಅಲೆದಾಟ ನಾಲ್ಕು ತಿಂಗಳು ನಡೆಯಿತು. ನಾಲತವಾಡದಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಈ ರಿಪೇರಿ ಮಾಡುವವರು ಸಿಗಲಿಲ್ಲ. ಕಾರನ್ನು ಲಾರಿಯ ಮೇಲೇರಿಸಿ ಸುಮಾರು ನೂರು ಕಿಲೊಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕಾಯಿತು. ಅಧಿಕೃತ ಸೇವಾ ಕೇಂದ್ರದವರು ಎರಡು ಲಕ್ಷ ರೂಪಾಯಿಗೂ ಮೀರಿದ ಅಂದಾಜು ಪಟ್ಟಿ ಕೊಟ್ಟರು. ವಾರಂಟಿ ಅವಧಿ ಇನ್ನೂ ಮುಗಿದಿರಲಿಲ್ಲ. ಆದರೂ ಅದು ಅನ್ವಯಿಸದು ಎಂದರು. ಅಂದಿನ ಮಾತುಕತೆಯನ್ನು ಕಾಕಾ ಇಂದಿಗೂ ಅಕ್ಷರಶಃ ಹೇಳುತ್ತಾರೆ.

‘ಸರ, ಕೆಳಗ ಎಲ್ಲ್ಯರ ಕಲ್ಲು ಬಡದಿರಬೇಕ್ರಿ.’

‘ಬಡದಿದ್ರ ಗುರುತು ತೋರಸ್ರಿ.’

‘ಗುರುತು ಇರಬೇಕಂತೇನಿಲ್ಲರಿ. ಕಂಪ್ಯೂಟರ್‌ನಾಗ ಬಂದೈತಿ.’

‘ಹಂಗಾದ್ರ ಅದರದೊಂದು ಪ್ರತಿ ಕೊಡ್ರಿ.’

‘ಅದು ಕಂಪನಿ ಮಾಹಿತಿರಿ. ಕೊಡಾಕ ಬರೂದಿಲ್ಲ.’

ಈ ಐದು ಮಾತುಗಳಲ್ಲಿ ಇಡೀ ಸಮಸ್ಯೆಯ ತಿರುಳಿದೆ. ಹೊರಗಿನಿಂದ ಪೆಟ್ಟು ಬಿದ್ದಿದೆ, ಆದ್ದರಿಂದ ವಾರಂಟಿ ಇಲ್ಲ ಎಂದರು ಕಾರು ತಯಾರಕರು. ಅಪಘಾತವೇ ಆಗಿಲ್ಲ, ಇದು ವಿದ್ಯುತ್ ವ್ಯವಸ್ಥೆಯ ದೋಷ, ಆದ್ದರಿಂದ ಪರಿಹಾರವಿಲ್ಲ ಎಂದರು ವಿಮಾ ಕಂಪನಿಯ ಸರ್ವೇಯರ್. ಎರಡೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ಆದರೆ ಎರಡರ ಫಲವೂ ಒಂದೇ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಏರ್‌ಬ್ಯಾಗ್ ಎಂಬುದು ಮೂಲತಃ ಒಂದು ಪುಟ್ಟ, ನಿಯಂತ್ರಿತ ಸ್ಫೋಟ. ಕಾರಿನ ಮುಂಭಾಗದಲ್ಲೂ ಪಕ್ಕಗಳಲ್ಲೂ ಇರುವ ಸಂವೇದಕಗಳು ಹಠಾತ್ ವೇಗಬದಲಾವಣೆಯನ್ನು ಗ್ರಹಿಸಿ ನಿಯಂತ್ರಣ ಘಟಕಕ್ಕೆ ಸುದ್ದಿ ಮುಟ್ಟಿಸುತ್ತವೆ. ಆ ಘಟಕದ ಗಣಕ ಅದನ್ನು ಅಪಘಾತವೆಂದು ನಿರ್ಣಯಿಸಿದರೆ ವಿದ್ಯುತ್ ಕಿಡಿಯೊಂದು ರಾಸಾಯನಿಕವನ್ನು ಹೊತ್ತಿಸುತ್ತದೆ. ಆಗ ಹುಟ್ಟುವ ಅನಿಲ ಚೀಲವನ್ನು ಉಬ್ಬಿಸುತ್ತದೆ. ಮುಂಭಾಗದ ಏರ್‌ಬ್ಯಾಗ್ ಉಬ್ಬಲು ತಗಲುವ ಕಾಲ ಸುಮಾರು 30ರಿಂದ 50 ಮಿಲಿಸೆಕೆಂಡ್. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಪಕ್ಕದ ಏರ್‌ಬ್ಯಾಗ್‌ಗಳು ಇನ್ನೂ ಬೇಗ ಉಬ್ಬಬೇಕು, ಏಕೆಂದರೆ ಬಾಗಿಲಿಗೂ ಪ್ರಯಾಣಿಕನಿಗೂ ನಡುವೆ ಇರುವುದು ಕೆಲವೇ ಅಂಗುಲಗಳ ಅಂತರ.

ಇಷ್ಟು ಸೂಕ್ಷ್ಮವಾದ ನಿರ್ಣಯವನ್ನು ಯಂತ್ರಕ್ಕೆ ವಹಿಸಿದಾಗ ಅದು ಎರಡು ಬಗೆಯಲ್ಲಿ ತಪ್ಪಬಹುದು: ಬೇಕಾದಾಗ ಸುಮ್ಮನಿರುವುದು ಒಂದು, ಬೇಡವಾದಾಗ ಸಿಡಿಯುವುದು ಇನ್ನೊಂದು. ಎರಡನೆಯದಕ್ಕೆ ಕಾರಣಗಳು ಹಲವು. ನಿಯಂತ್ರಣ ಘಟಕಕ್ಕೆ ನೀರು ಸೇರಬಹುದು. ತಂತಿಯ ಹೊದಿಕೆ ಸವೆದಿರಬಹುದು. ಕಾರಿನ ತಳಕ್ಕೆ ಬಿದ್ದ ಪೆಟ್ಟನ್ನು ಸಂವೇದಕ ಅಪಘಾತವೆಂದು ತಪ್ಪಾಗಿ ತಿಳಿಯಬಹುದು. ವಿದ್ಯುತ್ ಏರುಪೇರಿನಿಂದ ಘಟಕದ ಚಿಪ್ ಹಾಳಾಗಬಹುದು. ಇದು ಊಹೆಯಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2015ರ ಜನವರಿಯಲ್ಲಿ ಟೊಯೊಟಾ, ಹೋಂಡಾ, ಕ್ರೈಸ್ಲರ್ ಕಂಪನಿಗಳ ಸುಮಾರು 21 ಲಕ್ಷ ವಾಹನಗಳ ಹಿಂಪಡೆಯುವಿಕೆಯನ್ನು ಪ್ರಕಟಿಸಿತು. ಕಾರಣ, ಅಪಘಾತವಿಲ್ಲದೆಯೇ ಏರ್‌ಬ್ಯಾಗ್ ಸಿಡಿಯುವ ದೋಷ. ಇವುಗಳನ್ನು ಅದಕ್ಕೂ ಹಿಂದೆ ಒಮ್ಮೆ ಕರೆಸಿ ದುರಸ್ತಿ ಮಾಡಲಾಗಿತ್ತು. ಆ ದುರಸ್ತಿ ಸಾಲದೆಂದು ಮತ್ತೆ ಕರೆಸಬೇಕಾಯಿತು. ದೊಡ್ಡ ಕಂಪನಿಗಳ ಎಂಜಿನಿಯರುಗಳಿಗೇ ಒಂದೇ ಸಲಕ್ಕೆ ಬಗೆಹರಿಯದ ದೋಷದ ಬಗ್ಗೆ, ಕಾರನ್ನು ಲಿಫ್ಟಿಗೆ ಏರಿಸಿ ಐದು ನಿಮಿಷ ನೋಡಿದ ಸಲಹೆಗಾರ ‘ಕಲ್ಲು ಬಡಿದಿದೆ’ ಎಂದು ತೀರ್ಪು ಕೊಟ್ಟರೆ ಅದನ್ನು ಒಪ್ಪುವುದು ಹೇಗೆ?

ತಕಾಟಾ ಪ್ರಕರಣವಂತೂ ಜಗತ್ತಿಗೇ ಗೊತ್ತು. ಜಪಾನಿನ ಆ ಕಂಪನಿ ಏರ್‌ಬ್ಯಾಗ್ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸಿತು. ವರ್ಷಗಟ್ಟಲೆ ಶಾಖ ಮತ್ತು ತೇವಾಂಶಕ್ಕೆ ಸಿಕ್ಕಿದ ಆ ರಾಸಾಯನಿಕ ಕೆಟ್ಟು, ಸಿಡಿಯುವಾಗ ಲೋಹದ ಡಬ್ಬಿಯನ್ನೇ ಚೂರಾಗಿಸಿ ಪ್ರಯಾಣಿಕರ ಮೇಲೆ ಎರಚಿತು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳು ಹಿಂಪಡೆಯುವಿಕೆಗೆ ಒಳಪಟ್ಟವು. 2017ರ ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಭಾರತದಲ್ಲಿಯೂ ಹೋಂಡಾ 2017ರ ಜನವರಿಯಲ್ಲಿ 41,580 ಕಾರುಗಳನ್ನು, 2018ರ ಜನವರಿಯಲ್ಲಿ ಇನ್ನೂ 22,834 ಕಾರುಗಳನ್ನು ಇದೇ ಕಾರಣಕ್ಕೆ ಕರೆಸಿಕೊಂಡಿತು. ಇತ್ತೀಚೆಗೆ, 2023ರ ಜನವರಿಯಲ್ಲಿ, ಏರ್‌ಬ್ಯಾಗ್ ನಿಯಂತ್ರಣ ಘಟಕದ ಶಂಕಿತ ದೋಷಕ್ಕಾಗಿ ಮಾರುತಿ ಸುಜುಕಿ 17,362 ಕಾರುಗಳನ್ನೂ, ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 1,390 ಕಾರುಗಳನ್ನೂ ಹಿಂಪಡೆದು ಘಟಕವನ್ನು ಉಚಿತವಾಗಿ ಬದಲಿಸಿದವು. ಅಲ್ಲಿ ಶಂಕೆ ಇದ್ದದ್ದು ಏರ್‌ಬ್ಯಾಗ್ ತೆರೆದುಕೊಳ್ಳದೆ ಹೋಗುವ ಬಗ್ಗೆ. ತಾವಾಗಿ ಮುಂದೆ ಬಂದು ದೋಷ ಒಪ್ಪಿಕೊಂಡ ಈ ಕ್ರಮ ಮೆಚ್ಚತಕ್ಕದ್ದೇ. ಆದರೆ ಇವೆಲ್ಲ ಸಾವಿರಾರು ಕಾರುಗಳ ಮಾತು. ನಾಲತವಾಡದ ಒಂಟಿ ಕಾರಿನ ಪಾಡೇನು?

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿ, ದೋಷಯುಕ್ತ ವಾಹನಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಮೊದಲ ಬಾರಿಗೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅದಕ್ಕೆ ಮೊದಲು, 2012ರಿಂದ, ಉದ್ಯಮವೇ ರೂಪಿಸಿಕೊಂಡ ಸ್ವಯಂಪ್ರೇರಿತ ಸಂಹಿತೆಯಷ್ಟೇ ಇತ್ತು. ಕಡ್ಡಾಯ ಹಿಂಪಡೆಯುವಿಕೆಯ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ದಂಡದ ಮೊತ್ತ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ. ಆದರೆ ನಿಯಮದ ಯಂತ್ರ ಚಲಿಸಲು ನಿಗದಿತ ಸಂಖ್ಯೆಯ ದೂರುಗಳು ದಾಖಲಾಗಬೇಕು. ಹೆಚ್ಚು ಮಾರಾಟವಾಗುವ ಕಾರುಗಳ ವಿಷಯದಲ್ಲಿ ಆ ಸಂಖ್ಯೆ ಸಾವಿರವನ್ನು ಮೀರುತ್ತದೆ. ಕಿಟಕಿಯ ಗಾಜು ಏರದಿದ್ದರೆ ಸಾವಿರ ಜನ ದೂರುವ ತನಕ ಕಾಯಬಹುದು. ಓಡುತ್ತಿರುವ ಕಾರಿನಲ್ಲಿ ಏರ್‌ಬ್ಯಾಗ್ ತಾನಾಗಿ ಸಿಡಿದರೆ ಚಾಲಕ ಬೆಚ್ಚಿ ಎದುರಿನ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಬಹುದು. ಇಂಥ ದೋಷದ ಮೊದಲ ದೂರಿಗೇ ತನಿಖೆ ಆರಂಭವಾಗಬೇಕಲ್ಲವೇ?

ಇನ್ನು ರಿಪೇರಿಯ ಲೆಕ್ಕ. ಒಮ್ಮೆ ಸಿಡಿದ ಏರ್‌ಬ್ಯಾಗನ್ನು ಮಡಚಿ ಮತ್ತೆ ಬಳಸುವಂತಿಲ್ಲ. ಅದರ ಜೊತೆಗೆ ಸೀಟ್ ಬೆಲ್ಟನ್ನು ಬಿಗಿಗೊಳಿಸುವ ಸಾಧನ, ನಿಯಂತ್ರಣ ಘಟಕ, ಚಾವಣಿಯ ಒಳಹೊದಿಕೆ ಇವೆಲ್ಲವನ್ನೂ ಸಾಮಾನ್ಯವಾಗಿ ಬದಲಿಸಬೇಕಾಗುತ್ತದೆ. ಬಿಡಿಭಾಗಗಳು ಕಂಪನಿಯ ಮೂಲಕವೇ ಬರಬೇಕು. ವಿಮೆ ಒಪ್ಪಿಕೊಂಡರೂ ಕಥೆ ಮುಗಿಯದು. ಸಾಮಾನ್ಯ ಪಾಲಿಸಿಯಲ್ಲಿ ಏರ್‌ಬ್ಯಾಗನ್ನು ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗಳ ಸಾಲಿಗೇ ಸೇರಿಸಿ ಶೇ 50ರಷ್ಟು ಸವಕಳಿ ಕಳೆಯಲಾಗುತ್ತದೆ. ಸವಕಳಿ ಕಳೆಯದ ಹೆಚ್ಚುವರಿ ಪಾಲಿಸಿ ಕೊಂಡವರಿಗಷ್ಟೇ ಇದರಿಂದ ಬಿಡುಗಡೆ. ರಿಪೇರಿ ವೆಚ್ಚ ವಿಮೆಯಲ್ಲಿ ಘೋಷಿಸಿದ ಬೆಲೆಯ ಶೇ 75ನ್ನು ಮೀರಿದರೆ ಕಾರನ್ನು ‘ಪೂರ್ಣ ನಷ್ಟ’ ಎಂದು ಬರೆದುಬಿಡಬಹುದು. ಹಳೆಯ ಸಣ್ಣ ಕಾರೊಂದರಲ್ಲಿ ಹಲವು ಏರ್‌ಬ್ಯಾಗ್‌ಗಳು ಒಟ್ಟಿಗೆ ಸಿಡಿದರೆ ಆ ಮಿತಿ ದೂರವೇನಲ್ಲ.

ಈ ದುಬಾರಿ ಲೆಕ್ಕವೇ ಇನ್ನೊಂದು ಅಪಾಯದ ಬಾಗಿಲು ತೆರೆಯುತ್ತದೆ. ಕಾಕಾನ ಬಳಿ ಬಂದ ಮೆಕ್ಯಾನಿಕ್ ಒಬ್ಬರು, ಚೀಲವನ್ನು ಕತ್ತರಿಸಿ ತೆಗೆದು ಹೊದಿಕೆ ಹೊಲಿದು, ಒಂದು ರೆಸಿಸ್ಟರ್ ಕೂಡಿಸಿದರೆ ಎಚ್ಚರಿಕೆಯ ದೀಪ ಆರುತ್ತದೆ, ಕೆಲವೇ ಸಾವಿರದಲ್ಲಿ ಕೆಲಸ ಮುಗಿಯುತ್ತದೆ ಎಂದರಂತೆ. ದೀಪ ಆರುವುದು ನಿಜ. ಆದರೆ ನಾಳೆ ನಿಜವಾದ ಅಪಘಾತವಾದರೆ ಅಲ್ಲಿ ಏನೂ ಇರುವುದಿಲ್ಲ. ಆ ಕಾರನ್ನು ಮುಂದೆ ಕೊಳ್ಳುವವನಿಗೆ ಅದು ತಿಳಿಯುವುದೂ ಇಲ್ಲ. 2024ರಲ್ಲಿ ದೆಹಲಿ ಪೊಲೀಸರು ಹಲವು ಪ್ರಸಿದ್ಧ ಕಂಪನಿಗಳ ಹೆಸರು ಹೊತ್ತ ನೂರಾರು ನಕಲಿ ಏರ್‌ಬ್ಯಾಗ್‌ಗಳನ್ನು ವಶಪಡಿಸಿಕೊಂಡದ್ದು ಈ ದಂಧೆ ಎಷ್ಟು ಬೆಳೆದಿದೆ ಎಂಬುದಕ್ಕೆ ಸಾಕ್ಷಿ. ಪ್ರಾಮಾಣಿಕ ರಿಪೇರಿ ಕೈಗೆಟುಕದಿದ್ದರೆ ಜನ ಅಪ್ರಾಮಾಣಿಕ ರಿಪೇರಿಯ ಕಡೆ ವಾಲುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ಏರ್‌ಬ್ಯಾಗ್ ಬೇಡವೆಂದು ಯಾರೂ ಭಾವಿಸಬಾರದು. ಮುಂಭಾಗದ ಏರ್‌ಬ್ಯಾಗ್‌ಗಳು 2017ರವರೆಗೆ ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ಜೀವ ಉಳಿಸಿವೆ ಎಂಬುದು ಅಲ್ಲಿನ ಸುರಕ್ಷತಾ ಸಂಸ್ಥೆಯ ಅಂದಾಜು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷಕ್ಕೂ ಹೆಚ್ಚು. ಚಾಲಕನ ಏರ್‌ಬ್ಯಾಗನ್ನು 2019ರ ಜುಲೈಯಿಂದ, ಮುಂದಿನ ಸೀಟಿನ ಪ್ರಯಾಣಿಕನದನ್ನು 2021ರಿಂದ ಸರ್ಕಾರ ಕಡ್ಡಾಯ ಮಾಡಿದ್ದು ಸರಿಯಾದ ಕ್ರಮವೇ. ಬಳಕೆಯ ಶಿಸ್ತೂ ಅಷ್ಟೇ ಮುಖ್ಯ. 2024ರ ಸೆಪ್ಟೆಂಬರಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗುವೊಂದು ಅಪಘಾತದ ವೇಳೆ ತೆರೆದುಕೊಂಡ ಏರ್‌ಬ್ಯಾಗಿನ ಹೊಡೆತಕ್ಕೆ ಬಲಿಯಾಯಿತು. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ತಕ್ಕ ಆಸನದಲ್ಲಿ ಕೂಡಿಸಬೇಕು, ಎಲ್ಲರೂ ಸೀಟ್ ಬೆಲ್ಟ್ ಧರಿಸಬೇಕು. ಆದರೆ ಸುರಕ್ಷತೆಯನ್ನು ಕಡ್ಡಾಯ ಮಾಡಿದ ಮೇಲೆ, ಆ ಸುರಕ್ಷತೆಯೇ ಬೇಲಿಯೆದ್ದು ಹೊಲ ಮೇಯ್ದಂತಾದಾಗ ಯಾರು ಹೊಣೆ ಎಂಬುದನ್ನೂ ನಿರ್ಧರಿಸಬೇಕಾಗುತ್ತದೆ.

ನ್ಯಾಯಾಲಯಗಳು ದಾರಿ ತೋರಿಸಿವೆ. ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ 2017ರಲ್ಲಿ ಅಪಘಾತಕ್ಕೀಡಾದ ಕಾರೊಂದರ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ಹೊಡೆತ ಸಾಕಷ್ಟು ಬಲವಾಗಿರಲಿಲ್ಲ ಎಂದು ತಯಾರಕರಾದ ಹ್ಯುಂಡೈ ವಾದಿಸಿತು. 2022ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ವಾಹನ ಬದಲಿಸಿಕೊಡಬೇಕು ಮತ್ತು ಪರಿಹಾರ ನೀಡಬೇಕು ಎಂಬ ಗ್ರಾಹಕ ಆಯೋಗದ ಆದೇಶವನ್ನು ಎತ್ತಿಹಿಡಿಯಿತು. ಡಿಕ್ಕಿಯ ವೇಗ ಮತ್ತು ಬಲವನ್ನು ಲೆಕ್ಕ ಹಾಕಬಲ್ಲ ಭೌತವಿಜ್ಞಾನಿಯಾಗಿ ಗ್ರಾಹಕ ಇರಬೇಕಾಗಿಲ್ಲ ಎಂಬುದು ಪೀಠದ ಮಾತಿನ ಸಾರ. ಅಲ್ಲಿ ಏರ್‌ಬ್ಯಾಗ್ ತೆರೆಯಲಿಲ್ಲ, ಇಲ್ಲಿ ಅಕಾಲದಲ್ಲಿ ತೆರೆಯಿತು. ಆದರೂ ತತ್ತ್ವ ಒಂದೇ. ಯಂತ್ರದ ಒಳಗುಟ್ಟು ಬಲ್ಲವರೇ ಅದರ ವರ್ತನೆಗೆ ಕಾರಣ ಹೇಳಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನದ ದೋಷಕ್ಕೆ ತಯಾರಕರನ್ನು ನೇರವಾಗಿ ಹೊಣೆ ಮಾಡುತ್ತದೆ. ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಗ್ರಾಹಕ ದೂರು ಕೊಡಬಹುದು. ನಾಲತವಾಡದವರಿಗೆ ವಿಜಯಪುರವೇ ಸಾಕು, ಕಂಪನಿಯ ಕೇಂದ್ರ ಕಚೇರಿಯಿರುವ ಊರಿಗೆ ಓಡಬೇಕಿಲ್ಲ. ಘಟನೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವಸ್ತುವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ವಿಮಾ ಕಂಪನಿಯ ಮೇಲಿನ ದೂರಿಗೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಏರ್‌ಬ್ಯಾಗ್ ಸಿಡಿದ ಕೂಡಲೇ ಕಾರಿನ ಒಳಗು, ಹೊರಗು, ತಳಭಾಗಗಳ ಚಿತ್ರ ತೆಗೆದಿಡುವುದು, ಲಿಖಿತ ಕಾರಣ ಕೇಳುವುದು, ವಿವಾದ ಮುಗಿಯುವವರೆಗೆ ಹಳೆಯ ನಿಯಂತ್ರಣ ಘಟಕವನ್ನು ಬಿಟ್ಟುಕೊಡದಿರುವುದು ವಿವೇಕ. ಏಕೆಂದರೆ ಆ ಕ್ಷಣದ ದಾಖಲೆ ಉಳಿಯುವುದು ಅದರಲ್ಲೇ. ಈ ಮೊಕದ್ದಮೆಯ ಏಕೈಕ ಸಾಕ್ಷಿ ಅದು. ಆ ಸಾಕ್ಷಿ ಇಂದು ಪ್ರತಿವಾದಿಯ ಜೇಬಿನಲ್ಲಿದೆ.

ಸರ್ಕಾರ ಮಾಡಬೇಕಾದದ್ದು ಮೂರು. ನಿಯಂತ್ರಣ ಘಟಕದ ದಾಖಲೆಯ ಪ್ರತಿಯನ್ನು ಮಾಲೀಕರು ಕೇಳಿದರೆ ಕೊಡುವುದನ್ನು ಕಡ್ಡಾಯ ಮಾಡಬೇಕು. ಏರ್‌ಬ್ಯಾಗ್‌ನಂಥ ಜೀವರಕ್ಷಕ ಸಾಧನದ ದೂರುಗಳಿಗೆ ಸಾವಿರದ ಮಿತಿಯನ್ನು ತೆಗೆಯಬೇಕು. ತಯಾರಕರೂ ವಿಮಾ ಕಂಪನಿಯೂ ಒಬ್ಬರತ್ತ ಒಬ್ಬರು ಬೆರಳು ತೋರಿಸಿದಾಗ ವಿಮಾ ಕಂಪನಿ ಮೊದಲು ರಿಪೇರಿಯ ಹಣ ಕೊಟ್ಟು, ಬಳಿಕ ತಯಾರಕರಿಂದ ವಸೂಲು ಮಾಡಿಕೊಳ್ಳಲಿ. ನಷ್ಟ ತುಂಬಿಕೊಟ್ಟ ವಿಮೆದಾರನಿಗೆ ಅಂಥ ಹಕ್ಕು ಕಾನೂನಿನಲ್ಲಿ ಈಗಲೂ ಇದೆ. ಬಲವಿರುವ ಇಬ್ಬರ ಜಗಳ ಅವರ ನಡುವೆಯೇ ನಡೆಯಲಿ.

ಕಾಕಾ ಕೊನೆಗೆ ವಕೀಲರ ನೋಟಿಸ್ ಕಳಿಸಿದರು. ಕಂಪನಿ ತಪ್ಪು ಒಪ್ಪಲಿಲ್ಲ. ‘ಸೌಹಾರ್ದ ರಿಯಾಯಿತಿ’ಯಾಗಿ ಅರ್ಧ ವೆಚ್ಚ ಭರಿಸುವುದಾಗಿಯೂ, ಮುಂದೆ ಯಾವ ದಾವೆಯನ್ನೂ ಹೂಡುವುದಿಲ್ಲ ಎಂದು ಬರೆದುಕೊಡಬೇಕೆಂದೂ ಹೇಳಿತು. ನಾಲ್ಕು ತಿಂಗಳು ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಅಲೆದಿದ್ದ ಕಾಕಾ ಸಹಿ ಹಾಕಿದರು. ಏರ್‌ಬ್ಯಾಗ್ ಏಕೆ ಸಿಡಿಯಿತು ಎಂಬುದನ್ನು ಯಾರೂ ಅವರಿಗೆ ಹೇಳಲಿಲ್ಲ. ಕಾರು ಈಗ ಮತ್ತೆ ಅದೇ ರಸ್ತೆಯಲ್ಲಿ ಓಡುತ್ತಿದೆ. ತಗ್ಗು ಬಂದಾಗಲೆಲ್ಲ ಚಿಗವ್ವ ಇಂದಿಗೂ ಎಡಗಿವಿಯನ್ನು ಕೈಯಿಂದ ಮುಚ್ಚಿಕೊಳ್ಳುತ್ತಾರೆ.