ಜಡೆಗಟ್ಟಿದ ನಾಯಿಯ ಕೂದಲು: ಕತ್ತರಿ ಹಾಕುವ ಮೊದಲು ಚರ್ಮ ಹುಡುಕಿ



ಎತ್ತು, ಎಮ್ಮೆ, ಕುರಿ, ಆಡುಗಳ ಬಗ್ಗೆ ಬೇಕಾದಷ್ಟು ಓದಿರುತ್ತೀರಿ. ಈ ವಾರ ಹೊಲ ಕಾಯುವ ನಾಯಿಯ ಬಗ್ಗೆ ಬರೆಯುತ್ತಿದ್ದೇನೆ. ಯಾಕಂದ್ರೆ ಈ ಕೆಲಸದಲ್ಲಿ ನಾನೇ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಅದು ನಿಮ್ಮ ಕೈಯಿಂದ ಆಗಬಾರದು.

ನಮ್ಮದು ಆಳಂದ ತಾಲೂಕಿನ ಜಿಡಗಾ. ತೊಗರಿ ಹೊಲ. ನಮ್ಮ ಮೋತಿ ಊರ ನಾಯಿ ಅಲ್ಲ, ಕಲಬುರಗಿಯ ಬೀಗರು ಸಾಕಲಾಗದೆ ತಂದು ಬಿಟ್ಟ ಪಮೇರಿಯನ್ ಮಿಶ್ರತಳಿ. ಊರ ನಾಯಿಗೆ, ಮುಧೋಳ ನಾಯಿಗೆ ಕೂದಲು ಗಿಡ್ಡ, ಹಾಗಾಗಿ ಅವಕ್ಕೆ ಈ ತೊಂದರೆ ಇಲ್ಲ. ಮೋತಿಯಂಥ ನಾಯಿಗೆ ಎರಡು ಪದರ ಕೂದಲಿರುತ್ತದೆ. ಮೇಲೆ ಉದ್ದನೆಯದು, ಒಳಗೆ ಹತ್ತಿಯಂಥ ಮೆತ್ತನೆಯದು. ಒಳಗಿನದು ಉದುರಿದಾಗ ಕೆಳಗೆ ಬೀಳದೆ ಮೇಲಿನ ಕೂದಲಿಗೇ ಸುತ್ತಿಕೊಳ್ಳುತ್ತದೆ. ಮಳೆಗೆ ನೆನೆದು, ಎರೆಮಣ್ಣು ಮೆತ್ತಿ, ಬದುವಿನ ಉತ್ತರಾಣಿ ಮುಳ್ಳೂ ಸೇರಿದರೆ ಮುಗೀತು, ಎರಡು ತಿಂಗಳಲ್ಲಿ ಕಂಬಳಿ ಥರ ಜಡೆ.

ತೊಗರಿ ರಾಶಿ ಮುಗಿಯುವವರೆಗೆ ನಾನು ಅದರ ಕಡೆ ನೋಡಲೇ ಇಲ್ಲ. ನೋಡಿದಾಗ ಮುಂಗಾಲಿನ ಕಂಕುಳಲ್ಲಿ, ಕಿವಿ ಹಿಂದೆ, ಬಾಲದ ಬುಡದಲ್ಲಿ ಕೈ ಆಡದಷ್ಟು ಗಂಟು. ಮೊದಲು ಸಾಬೂನು ಹಚ್ಚಿ ಸ್ನಾನ ಮಾಡಿಸಿದೆ. ಗಂಟು ಇನ್ನೂ ಬಿಗಿಯಾಯಿತು. ಆಮೇಲೆ ಜಡೆಯನ್ನು ಎತ್ತಿ ಹಿಡಿದು, ಬುಡಕ್ಕೆ ಕತ್ತರಿ ಹಾಕಿದೆ. ಮೋತಿ ಚೀರಿತು. ಕಂಕುಳಲ್ಲಿ ಎರಡು ಇಂಚು ಚರ್ಮ ಕತ್ತರಿಸಿ ಹೋಗಿತ್ತು. ಆಳಂದಕ್ಕೆ ಒಯ್ದು ನಾಲ್ಕು ಹೊಲಿಗೆ ಹಾಕಿಸಬೇಕಾಯಿತು.

ವರ್ಷಕ್ಕೆರಡು ಸಲ ಕುರಿ ಉಣ್ಣೆ ಕತ್ತರಿಸುವ ನಮ್ಮ ಓಣಿಯ ಕಾಕಾ ಬಂದು ನೋಡಿ ಬೈದರು: "ತಮ್ಮಾ, ಕುರಿ ಉಣ್ಣೆ ಬುಡದಾಗ ಬಿಚ್ಚಿಕೊಂಡಿರ್ತದ, ಕತ್ತರಿ ಜಾರ್ತದ. ಇದು ಚರ್ಮ ಹಿಡಕೊಂಡು ಕುಂತದ. ಜಗ್ಗಿದ್ರ ಚರ್ಮಾನೂ ಕೂಡೇ ಬರ್ತದ. ಮೊದಲ ಚರ್ಮ ಎಲ್ಲದ ಅಂತ ನೋಡಬೇಕಲ್ಲೋ!"

ಈ ಲೇಖನದ ಸಾರ ಇಷ್ಟೇ. ಚರ್ಮ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗದೆ ಕತ್ತರಿ ಆಡಿಸಬಾರದು.

ಜಡೆ ಬಿಟ್ಟರೆ ಏನಾಗುತ್ತದೆ?

ನಾಯಿ ಹೆಜ್ಜೆ ಇಟ್ಟಾಗಲೆಲ್ಲ ಜಡೆ ಚರ್ಮವನ್ನು ಜಗ್ಗುತ್ತದೆ. ಒಳಗೆ ಗಾಳಿ ಆಡದೆ, ತೇವ ಆರದೆ ಹುಣ್ಣಾಗುತ್ತದೆ. ಉಣ್ಣಿ, ಚಿಗಟ ಅಡಗಿ ಕೂರುತ್ತವೆ. ಹುಣ್ಣಿನ ಮೇಲೆ ನೊಣ ಮೊಟ್ಟೆ ಇಟ್ಟರೆ ಹುಳ ಬೀಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಇದು ಬರೀ ಚೆಂದದ ಮಾತಲ್ಲ.

ಇಂಥ ನಾಯಿಗೆ ಮನೆಯಲ್ಲಿ ಕೈ ಹಚ್ಚಬೇಡಿ

• ಜಡೆಯಿಂದ ಕೊಳೆತ ವಾಸನೆ, ಕೀವು, ಹುಳ ಕಂಡರೆ
• ಜಡೆ ಕಾಲಿಗೋ ಬಾಲಕ್ಕೋ ಸುತ್ತಿ, ಅದರ ಕೆಳಗೆ ಬಾವು ಬಂದಿದ್ದರೆ
• ಮೈತುಂಬ ಒಂದೇ ಹಾಳೆಯಂತೆ ಜಡೆಗಟ್ಟಿದ್ದರೆ
• ನಾಯಿ ತೀರಾ ಮುದಿಯಾಗಿದ್ದರೆ, ಗಬ್ಬಾಗಿದ್ದರೆ, ಮುಟ್ಟಿದರೆ ಕಚ್ಚಲು ಬರುತ್ತಿದ್ದರೆ

ಇವಕ್ಕೆ ಪಶು ವೈದ್ಯರೇ ಬೇಕು. ಅವರು ಮಂಪರು ಕೊಟ್ಟು, ನೋವಾಗದಂತೆ ತೆಗೆಯುತ್ತಾರೆ. ಮಂಪರಿನ ಗುಳಿಗೆ, ಇಂಜೆಕ್ಷನ್ ನೀವೇ ಕೊಡುವ ಸಾಹಸ ಬೇಡ. ಒಯ್ಯಲು ಗಾಡಿ ಇಲ್ಲದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನದ 1962 ನಂಬರಿಗೆ ಕರೆ ಮಾಡಿ ವಿಚಾರಿಸಿ.

ಬೇಕಾಗುವ ಸಾಮಾನು

ಪ್ರಾಣಿಗಳ ಕೂದಲು ತೆಗೆಯುವ ಮಷೀನು ಇದ್ದರೆ ಉತ್ತಮ. ಅದಕ್ಕೆ 10 ನಂಬರಿನ ಬ್ಲೇಡು ಹಾಕಿ. ಅದು ಚರ್ಮದ ಮೇಲೆ ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಬಿಡುತ್ತದೆ, ಗಾಯದ ಅಪಾಯ ಕಡಿಮೆ. ನಾವು ಗಡ್ಡ ತೆಗೆಯುವ ಟ್ರಿಮ್ಮರ್ ಜಡೆಗೆ ಸಾಲದು, ಸಿಕ್ಕಿಹಾಕಿಕೊಂಡು ಕೂದಲು ಕಿತ್ತುತ್ತದೆ. ಜೊತೆಗೆ ಲೋಹದ ಬಾಚಣಿಗೆ, ತುದಿ ದುಂಡಗಿರುವ ಕತ್ತರಿ, ಮಷೀನಿಗೆ ಹಾಕುವ ಎಣ್ಣೆ, ಶುದ್ಧ ಬಟ್ಟೆ, ಮತ್ತು ನಾಯಿಗೆ ಗುರುತಿರುವ ಇನ್ನೊಬ್ಬರು ಬೇಕು.

ನೋವಾದರೆ ಎಂಥ ಸಾಧು ನಾಯಿಯೂ ಕಚ್ಚುತ್ತದೆ. ಮೆತ್ತನೆಯ ಬಟ್ಟೆ ಪಟ್ಟಿಯನ್ನು ಮೂತಿಗೆ ಸುತ್ತಿ, ಗದ್ದದ ಕೆಳಗೆ ತಿರುವಿ, ಕಿವಿ ಹಿಂದೆ ಕಟ್ಟಿ. ಆದ್ರೆ ನಾಯಿ ತೇಕಿಯೇ ಮೈ ತಂಪು ಮಾಡಿಕೊಳ್ಳುವುದು. ಆದ್ದರಿಂದ ಐದು ನಿಮಿಷಕ್ಕೊಮ್ಮೆ ಬಿಚ್ಚಿ, ಬಿಸಿಲು ಏರುವ ಮೊದಲೇ ಕೆಲಸ ಮಾಡಿ. ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಖಾರದಪುಡಿ, ಸುಣ್ಣ ಹಚ್ಚಬೇಡಿ.

ಕತ್ತರಿಸುವ ಕ್ರಮ

1. ಸ್ನಾನ ಮೊದಲಲ್ಲ, ಕೊನೆಗೆ. ನೀರು ಬಿದ್ದರೆ ಜಡೆ ಬಿಗಿಯುತ್ತದೆ. ಕೂದಲು ಒಣಗಿರಬೇಕು.

2. ಸಣ್ಣ ಗಂಟಿದ್ದರೆ ಬೆರಳಿಂದ ಬಿಡಿಸಿ. ಸ್ವಲ್ಪ ಕಾರ್ನ್ ಫ್ಲೋರ್ ಉದುರಿಸಿದರೆ ಕೂದಲು ಜಾರುತ್ತದೆ. ತುದಿಯಿಂದ ಶುರು ಮಾಡಿ ಬುಡಕ್ಕೆ ಬನ್ನಿ.

3. ಮಷೀನು ಇದ್ದರೆ ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿಯಿರಿ, ಜಡೆಯನ್ನು ಜಗ್ಗಬೇಡಿ. ಬ್ಲೇಡನ್ನು ಮೈಗೆ ಮಟ್ಟಸವಾಗಿ ಇಟ್ಟು, ಜಡೆಗೂ ಚರ್ಮಕ್ಕೂ ನಡುವೆ, ಕೂದಲು ಬೆಳೆದ ದಿಕ್ಕಿಗೇ ನಿಧಾನ ತಳ್ಳಿ. ಮೊನೆ ಚುಚ್ಚುವಂತೆ ಓರೆ ಹಿಡಿಯಬೇಡಿ.

4. ಎರಡು ಮೂರು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಿ. ಬಿಸಿಯಾಗಿದ್ದರೆ ನಿಲ್ಲಿಸಿ, ಇಲ್ಲಾಂದ್ರೆ ಚರ್ಮ ಸುಡುತ್ತದೆ.

5. ಬರೀ ಕತ್ತರಿ ಇದ್ದರೆ ಮೊದಲು ಬಾಚಣಿಗೆಯನ್ನು ಜಡೆಗೂ ಚರ್ಮಕ್ಕೂ ನಡುವೆ ತೂರಿಸಿ, ಬಾಚಣಿಗೆಯ ಮೇಲ್ಗಡೆ ಮಾತ್ರ ಕತ್ತರಿಸಿ. ಬಾಚಣಿಗೆ ಹೋಗುವುದಿಲ್ಲ ಅಂದರೆ ಅಲ್ಲಿ ಕತ್ತರಿಯ ಕೆಲಸ ಇಲ್ಲ. ಮಷೀನು ಬೇಕು, ಇಲ್ಲವೇ ವೈದ್ಯರು.

6. ಕಂಕುಳು, ತೊಡೆಸಂದು, ಮೊಲೆತೊಟ್ಟು, ಕಿವಿಯ ಅಂಚು, ಬಾಲದ ಕೆಳಗೆ ಚರ್ಮ ತೆಳುವಾಗಿ ಮಡಚಿರುತ್ತದೆ. ನಾನು ಕೊಯ್ದದ್ದು ಇಂಥಲ್ಲೇ. ಇಲ್ಲಿ ಬೆರಳಿಂದ ಮಡಿಕೆ ಬಿಡಿಸಿ ನೋಡಿಯೇ ಮುಂದುವರಿಯಿರಿ.

7. ಒಂದೇ ದಿನ ಮುಗಿಸುವ ಹಟ ಬೇಡ. ಹದಿನೈದಿಪ್ಪತ್ತು ನಿಮಿಷ ಮಾಡಿ, ರೊಟ್ಟಿ ತುಂಡು ಕೊಟ್ಟು ಬಿಡಿ. ಉಳಿದದ್ದು ನಾಳೆ.

ಕೊಯ್ದರೆ ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಗಾಯ ಬಾಯಿ ಬಿಟ್ಟಿದ್ದರೆ ಹೊಲಿಗೆ ಬೇಕು, ತಡಮಾಡಬೇಡಿ.

ಜಡೆ ತೆಗೆದ ಮೇಲೆ

ಕೆಳಗಿನ ಚರ್ಮ ಕೆಂಪಾಗಿರುವುದು ಸಹಜ. ಉಗುರುಬೆಚ್ಚನೆ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಿವಿಯ ಜಡೆ ತೆಗೆದಿದ್ದರೆ ಎರಡು ಮೂರು ದಿನ ಗಮನ ಇಡಿ. ನಾಯಿ ಪದೇ ಪದೇ ಕಿವಿ ಒದರಿದರೆ ಒಳಗೆ ರಕ್ತ ತುಂಬಿ ಕಿವಿ ಉಬ್ಬಬಹುದು. ಉಬ್ಬಿದರೆ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಉಣ್ಣಿ ಕಂಡವು ಅಂತ ತೊಗರಿಗೆ, ಹತ್ತಿಗೆ ಹೊಡೆಯುವ ಔಷಧವನ್ನು ನಾಯಿ ಮೈಗೆ ಹಚ್ಚುವವರಿದ್ದಾರೆ. ಸೀಮೆಎಣ್ಣೆ, ಹಳೆ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಬೋಳಾದ ಚರ್ಮದ ಮೂಲಕ ಅದು ಮೈಗೆ ಇಳಿಯುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ನಾಯಿ ಸತ್ತೇ ಹೋಗಬಹುದು. ಕುರಿಗೆ ತಂದ ಇಂಜೆಕ್ಷನನ್ನೂ ಅಂದಾಜಿನ ಮೇಲೆ ಹಾಕಬೇಡಿ. ನಾಯಿಯ ತೂಕ ಹೇಳಿ, ನಾಯಿಗೆಂದೇ ಇರುವ ಉಣ್ಣಿ ಔಷಧವನ್ನು ವೈದ್ಯರಿಂದ ಬರೆಸಿಕೊಳ್ಳಿ.

ಬ್ಯಾಸಗಿ ಅಂತ ಪೂರ್ತಿ ಬೋಳಿಸಬೇಕೇ?

ಬೇಡ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಂಟಿಲ್ಲದ ಕೂದಲು ಬಿಸಿಲಿಗೆ ಕೊಡೆಯಿದ್ದಂತೆ, ಬೋಳು ಚರ್ಮ ಸುಡುತ್ತದೆ. ಪಮೇರಿಯನ್ ಥರದ ನಾಯಿಗೆ ಬುಡದವರೆಗೆ ಬೋಳಿಸಿದರೆ ಕೆಲವು ಸಲ ತಿಂಗಳುಗಟ್ಟಲೆ ಕೂದಲೇ ಬರುವುದಿಲ್ಲ. ಜಡೆ ಇದ್ದಲ್ಲಿ ಮಾತ್ರ ತೆಗೆಯಿರಿ. ಆಮೇಲೆ ನೆರಳು, ಕುಡಿಯಲು ನೀರು ಇರಲಿ.

ಈಗ ನಮ್ಮ ಮನೆಯ ಬಾಗಿಲ ಮೊಳೆಗೆ ಒಂದು ಬಾಚಣಿಗೆ ನೇತು ಹಾಕಿದ್ದೇವೆ. ವಾರಕ್ಕೆರಡು ಸಲ, ಸಂಜೆ ಹೊಲದಿಂದ ಬಂದ ಮೇಲೆ, ಹತ್ತು ನಿಮಿಷ ಬಾಚುತ್ತೇವೆ. ಉತ್ತರಾಣಿ ಮುಳ್ಳು ಅಂಟಿದ್ದರೆ ಒಂದು ಹನಿ ಕುಸುಬಿ ಎಣ್ಣೆ ಹಚ್ಚಿ ಅವತ್ತೇ ತೆಗೆಯುತ್ತೇವೆ. ಮೋತಿಯ ಕಂಕುಳಲ್ಲಿ ಹೊಲಿಗೆಯ ಗುರುತು ಇನ್ನೂ ಇದೆ. ಮೊದಲ ಎರಡು ತಿಂಗಳು ನನ್ನ ಕೈಯಲ್ಲಿ ಬಾಚಣಿಗೆ ಕಂಡರೆ ಕಣಕಿ ಬಣಿವೆ ಹಿಂದೆ ಓಡಿ ಹೋಗುತ್ತಿತ್ತು. ಈಗ ತಾನೇ ಬಂದು ಮಲಗುತ್ತದೆ. ಆದರೆ ಆ ಕಾಲಿನ ಹತ್ತಿರ ಕೈ ಹೋದರೆ ಇವತ್ತಿಗೂ ತಲೆ ಎತ್ತಿ ನನ್ನ ಮುಖ ನೋಡುತ್ತದೆ.

ಇವತ್ತು ಸಂಜೆ ನಿಮ್ಮ ನಾಯಿಯ ಕಿವಿ ಹಿಂದೆ, ಕಂಕುಳಲ್ಲಿ ಒಮ್ಮೆ ಬೆರಳಾಡಿಸಿ ನೋಡಿ. ಗಂಟು ಸಣ್ಣದಿದ್ದಾಗಲೇ ಕೆಲಸ ಸುಲಭ.